ಕಾರಿನ ಕೀಲಿಗೆ ಎಣ್ಣೆ ಬೇಡ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳೆಯ ಕಾರುಗಳು ಇನ್ನೂ ಓಡುತ್ತವೆ. ಮಾರುತಿ 800 ಕಾರು 1983ರಲ್ಲಿ ಬಂತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಅಂಬಾಸಿಡರ್ ಕಾರಿನ ತಯಾರಿಕೆಯೂ ಅದೇ ವರ್ಷ ನಿಂತಿತು. ಕಂಪನಿ ನಿಲ್ಲಿಸಿದರೇನು, ಕಾರು ನಿಲ್ಲಬೇಕಲ್ಲ! ಲಗ್ನಕ್ಕೆ, ಸಂತೆಗೆ, ದವಾಖಾನೆಗೆ ಅದೇ ಕಾರು ಬೇಕು.

ಎಂಜಿನ್ ಗಟ್ಟಿ ಇದ್ದರೂ ಒಮ್ಮೊಮ್ಮೆ ಕೀಲಿ ಕೈಕೊಡುತ್ತದೆ. ಚಾವಿ ಒಳಗೆ ಹೋಗುವುದಿಲ್ಲ. ಹೋದರೆ ತಿರುಗುವುದಿಲ್ಲ. ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಸಿಂದಗಿಯಿಂದ ವಿಜಯಪುರಕ್ಕೆ ಕರೆದೊಯ್ಯಬೇಕು. ಹಾದಿ ಸುಮಾರು 60 ಕಿಲೋಮೀಟರ್. 108ಕ್ಕೆ ಫೋನ್ ಮಾಡಬೇಕು, ಅದು ಖರೆ. ಆದರೆ ಮನೆಯ ಮುಂದೆ ಕಾರು ಇದ್ದೂ ಚಾವಿ ತಿರುಗದಿದ್ದರೆ ಎಂಥ ಸಂಕಟ ನೋಡ್ರಿ.

ಕೀಲಿಯ ಒಳಗೆ ಏನಿದೆ?

ಕೀಲಿಯ ಒಳಗೆ ಒಂದು ಸಣ್ಣ ಉರುಳೆ ಇದೆ. ಅದರಲ್ಲಿ ತೆಳ್ಳನೆಯ ತಗಡಿನ ಬಿಲ್ಲೆಗಳು ಸಾಲಾಗಿ ಇರುತ್ತವೆ. ಒಂದೊಂದು ಬಿಲ್ಲೆಗೂ ಒಂದೊಂದು ಸಣ್ಣ ಸ್ಪ್ರಿಂಗು. ಚಾವಿ ಇಲ್ಲದಾಗ ಬಿಲ್ಲೆಗಳು ಹೊರಗೆ ಚಾಚಿ ನಿಲ್ಲುತ್ತವೆ. ಉರುಳೆಯನ್ನು ತಿರುಗಲು ಬಿಡುವುದಿಲ್ಲ. ಚಾವಿಯ ಹಲ್ಲುಗಳು ಪ್ರತಿ ಬಿಲ್ಲೆಯನ್ನೂ ಬೇಕಾದಷ್ಟೇ ಸರಿಸುತ್ತವೆ. ಎಲ್ಲವೂ ಸಮನಾಗಿ ನಿಂತರೆ ಉರುಳೆ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಸಿಕ್ಕಿಕೊಂಡರೂ ತಿರುಗುವುದಿಲ್ಲ. ಸಾಲೆಯ ಪ್ರಾರ್ಥನೆಗೆ ಮಕ್ಕಳು ಸಾಲು ನಿಂತಾಗ ಒಬ್ಬ ಹುಡುಗ ಹೊರಗೆ ಬಂದರೆ ಸಾಲು ಕೆಡುತ್ತದಲ್ಲ, ಹಾಂಗ.

ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಗಾಳಿ ಬಿಟ್ಟರೆ ನುಣ್ಣನೆಯ ಧೂಳು ಕಿವಿ ಮೂಗಿನಲ್ಲಿ ತುಂಬುತ್ತದೆ. ಚಾವಿಯ ತೂತಿನಲ್ಲಿ ತುಂಬದೇ ಇರುತ್ತದೆಯೇ? ಧೂಳು ಹೋಗಿ ಬಿಲ್ಲೆಗಳ ಸಂದಿಯಲ್ಲಿ ಕೂಡುತ್ತದೆ.

ಆಗ ನಾವು ಏನು ಮಾಡುತ್ತೇವೆ? ಅಡುಗೆ ಮನೆಯಿಂದ ಎಣ್ಣೆ ತಂದು ಎರಡು ಹನಿ ಬಿಡುತ್ತೇವೆ. ಚಾವಿ ತಿರುಗುತ್ತದೆ. ಗೆದ್ದೆವು ಅಂತೀವಿ. ಆದರೆ ಸ್ವಲ್ಪ ದಿನಕ್ಕೆ ಕೀಲಿ ಮೊದಲಿಗಿಂತ ಬಿಗಿಯಾಗುತ್ತದೆ.

ಕಾರಣ ಇದೆ. ಕುಸುಬಿ ಎಣ್ಣೆ, ಅಗಸಿ ಎಣ್ಣೆಗಳಿಗೆ ಒಂದು ಗುಣವಿದೆ. ಗಾಳಿ ತಗುಲಿದರೆ ಅವು ಮೆಲ್ಲಗೆ ದಪ್ಪಾಗಿ ಅಂಟಾಗುತ್ತವೆ. ಈ ಗುಣಕ್ಕಾಗಿಯೇ ಅವನ್ನು ಬಣ್ಣ, ವಾರ್ನಿಷ್ ತಯಾರಿಸಲು ಬಳಸುತ್ತಾರೆ. ಎಣ್ಣೆ ಡಬ್ಬಿಯ ಬಾಯಿಗೆ ಒಸರಿದ ಎಣ್ಣೆ ಕೈಗೆ ಜಿಗಿಜಿಗಿ ಹತ್ತುವುದನ್ನು ನಮ್ಮ ಅಕ್ಕಂದಿರು ದಿನಾ ನೋಡುತ್ತಾರೆ. ಕೀಲಿಯ ಒಳಗೂ ಅದೇ ಆಗುತ್ತದೆ. ಎಂಜಿನ್ ಆಯಿಲ್, ಗ್ರೀಸ್ ಹಾಗೆ ಒಣಗುವುದಿಲ್ಲ. ಆದರೆ ಅವೂ ಧೂಳನ್ನು ಹಿಡಿದು ಕೆಸರು ಮಾಡುತ್ತವೆ. ಕುಸುಬಿ ಎಣ್ಣೆ ರೊಟ್ಟಿ ಚಟ್ನಿಗೆ ಚಲೋ. ಕೀಲಿಗೆ ಬೇಡ.

ಹಾಗಾದರೆ ಏನು ಹಾಕಬೇಕು? ಮಕ್ಕಳ ಪಾಟಿಚೀಲದಲ್ಲಿಯೇ ಇದೆ. ಪೆನ್ಸಿಲ್! ಅದರ ಕಡ್ಡಿಗೆ ಸೀಸದ ಕಡ್ಡಿ ಅಂತೀವಿ. ಆದರೆ ಅದರಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್ ಎಂಬ ಕರಿ ವಸ್ತು, ಸ್ವಲ್ಪ ಜೇಡಿಮಣ್ಣು ಕೂಡಿಸಿ ಮಾಡಿದ್ದು. ಗ್ರಾಫೈಟ್ ಬಲು ಜಾರು. ಎಣ್ಣೆಯ ಹಾಗೆ ಧೂಳನ್ನು ಹಿಡಿಯುವುದಿಲ್ಲ. ಪೆನ್ಸಿಲ್ ಮೇಲಿನ ಅಕ್ಷರ ಓದಿರಿ. 2ಬಿ, 4ಬಿ, 6ಬಿ ಎಂದು ಅಂಕಿ ದೊಡ್ಡದಾದಷ್ಟು ಕಡ್ಡಿ ಮೆತ್ತಗೆ ಇರುತ್ತದೆ. ಮೆತ್ತಗಿನದು ಈ ಕೆಲಸಕ್ಕೆ ಒಳ್ಳೆಯದು. ಅಂಗಡಿಯಲ್ಲಿ ಗ್ರಾಫೈಟ್ ಪುಡಿಯೂ ಸಿಗುತ್ತದೆ. ಅದನ್ನು ಚಿಟಿಕೆಯಷ್ಟೇ ಹಾಕಬೇಕು. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ, ಕೀಲಿಯ ಹಿಂದೆಯೇ ಕರೆಂಟಿನ ಸ್ವಿಚ್ ಇದೆ.

ಸ್ವಚ್ಛ ಮಾಡುವ ರೀತಿ

ಕಾರನ್ನು ಬಯಲಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿರಿ. ಬೀಡಿ, ಸಿಗರೇಟು ದೂರ ಇರಲಿ. ಮೊದಲು ಬ್ಯಾಟರಿಯ ವಾಯರ್ ಬಿಚ್ಚಬೇಕು. ಲೆಕ್ಕದ ಪಾಠದಲ್ಲಿ ಕಳೆಯುವ ಗುರುತು ಕಲಿತಿದ್ದೀರಿ. ಬ್ಯಾಟರಿಯ ಮೇಲೆ ಆ ಗುರುತು ಇರುವ ಕಡೆಯ ವಾಯರ್ ಬಿಚ್ಚಿರಿ. ಕೂಡಿಸುವ ಗುರುತಿನ ಕಡೆ ಮೊದಲು ಬಿಚ್ಚುವಾಗ ಪಾನಾ ಕಾರಿನ ತಗಡಿಗೆ ತಾಗಿದರೆ ಕಿಡಿ ಹಾರಬಹುದು.

ಚಾವಿಯನ್ನು ಬಟ್ಟೆಯಿಂದ ಒರೆಸಿರಿ. ಬಿಡಿಭಾಗದ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಡಬ್ಬಿ ಸಿಗುತ್ತದೆ. ಕಣ್ಣು ದೂರ ಇಟ್ಟು, ಚಾವಿಯ ತೂತಿಗೆ ಒಂದೇ ಸಲ ಚುಸ್ ಎನಿಸಿರಿ. ತೋಯಿಸಬೇಡಿರಿ. ಚಾವಿಯನ್ನು ಹತ್ತು ಹದಿನೈದು ಸಲ ಒಳಗೆ ಹಾಕಿ ತೆಗೆಯಿರಿ. ತಿರುಗಿಸಬೇಡಿರಿ. ಪ್ರತಿ ಸಲ ಚಾವಿ ಒರೆಸಿರಿ. ಮೊದಲು ಕರಿ ರಾಡಿ ಬರುತ್ತದೆ. ಚಾವಿ ಸ್ವಚ್ಛ ಬರುವವರೆಗೆ ಇದನ್ನು ಮತ್ತೆ ಮಾಡಿರಿ. ಹಿಂದೆ ಎಣ್ಣೆ ಬಿಟ್ಟ ಕೀಲಿಗೆ ಹೊತ್ತು ಹಿಡಿಯುತ್ತದೆ. ಎಣ್ಣೆ ಪೂರಾ ಹೋಗದೆ ಗ್ರಾಫೈಟ್ ಹಾಕಿದರೆ ಎರಡೂ ಕೂಡಿ ಕರಿ ಮುದ್ದೆ ಆಗುತ್ತದೆ.

ಒಂದು ತಾಸು ಒಣಗಲು ಬಿಡಿರಿ. ಆಮೇಲೆ ಚಾವಿಯ ಎರಡೂ ಮಗ್ಗಲಿಗೆ, ಹಲ್ಲುಗಳಿಗೆ ಪೆನ್ಸಿಲ್ ತಿಕ್ಕಿರಿ. ಒಳಗೆ ಹೊರಗೆ ಆಡಿಸಿರಿ. ಈಗ ಮೆಲ್ಲಗೆ ತಿರುಗಿಸಿ ನೋಡಿರಿ. ಹಗುರಾಗಿ ತಿರುಗಿದರೆ ಚಾವಿ ಒರೆಸಿ, ಬ್ಯಾಟರಿಯ ವಾಯರ್ ಜೋಡಿಸಿರಿ.

ಕೆಲವೊಮ್ಮೆ ದೋಷ ಧೂಳಿನದಲ್ಲ. ಸ್ಟೇರಿಂಗ್ ಲಾಕ್ ಬಿದ್ದಿರುತ್ತದೆ. ಆಗ ಒಂದು ಕೈಯಿಂದ ಸ್ಟೇರಿಂಗ್ ಆ ಕಡೆ ಈ ಕಡೆ ಅಲುಗಿಸುತ್ತ ಇನ್ನೊಂದು ಕೈಯಿಂದ ಚಾವಿ ತಿರುಗಿಸಿರಿ. ಇಕ್ಕಳ ಹಾಕಿ ತಿರುವಬೇಡಿರಿ. ಚಾವಿ ಒಳಗೇ ಮುರಿದರೆ ಖರ್ಚು ದೊಡ್ಡದು. ಎಂಜಿನ್ ಶುರುವಾದ ಮೇಲೂ ಚಾವಿ ತಾನೇ ಹಿಂದಕ್ಕೆ ಬರದಿದ್ದರೆ ತಡ ಮಾಡದೆ ಮಿಸ್ತ್ರಿಗೆ ತೋರಿಸಿರಿ. ಸ್ಟಾರ್ಟರ್ ಮೋಟಾರು ತಿರುಗುತ್ತಲೇ ಇದ್ದು ಸುಟ್ಟುಹೋಗುತ್ತದೆ.

ನಮ್ಮ ಡ್ರೈವರ್ ಅಣ್ಣಂದಿರ ಚಾವಿಗೊಂಚಲು ನೋಡಿದ್ದೀರಾ? ಮನೆಯದು, ಅಂಗಡಿಯದು, ಟ್ರಂಕಿನದು, ಮೇಲೆ ಒಂದು ಹಿತ್ತಾಳೆಯ ಬಸವಣ್ಣ. ಈ ಭಾರ ಹಗಲೆಲ್ಲ ಜೋತಾಡಿ ಕೀಲಿಯನ್ನು ಸವೆಸುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಕೆಲವು ಕಾರುಗಳಲ್ಲಿ ಸ್ವಿಚ್ಚೇ ಸಡಿಲ ಇತ್ತು. ಗೊಂಚಲಿನ ಭಾರಕ್ಕೆ, ಕುಲುಕಾಟಕ್ಕೆ ಓಡುವಾಗಲೇ ಚಾವಿ ಜಾರಿ ಎಂಜಿನ್ ಬಂದ್ ಆಗುತ್ತಿತ್ತು. ಅಪಘಾತವಾದರೆ ಗಾಳಿಚೀಲವೂ ಉಬ್ಬುತ್ತಿರಲಿಲ್ಲ. 2014ರಲ್ಲಿ ಕಂಪನಿ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಿ ಸ್ವಿಚ್ ಬದಲಿಸಬೇಕಾಯಿತು. 124 ಸಾವುಗಳಿಗೆ ಪರಿಹಾರ ಕೊಡಲು ಒಪ್ಪಿತು. ಕಾರಿನ ಚಾವಿ ಒಂಟಿಯಾಗಿ ಇರಲಿ. ಬಸವಣ್ಣನನ್ನು ಕಿಸೆಯಲ್ಲಿ ಇಟ್ಟುಕೊಳ್ಳಿರಿ.

ಸ್ವಚ್ಛ ಮಾಡಿದರೂ ಚಾವಿ ತಿರುಗದಿದ್ದರೆ ಚಾವಿಯ ಹಲ್ಲು ಸವೆದಿರಬಹುದು. ಸವೆದ ಚಾವಿ ನೋಡಿ ಹೊಸದು ಮಾಡಿಸಿದರೆ ಅದೂ ಸವೆದಂತೆಯೇ ಬರುತ್ತದೆ. ಕಾರಿನ ಜೊತೆ ಬಂದ ಎರಡನೆಯ ಚಾವಿ ಇದ್ದರೆ ಅದನ್ನು ಕೊಟ್ಟು ಮಾಡಿಸಿರಿ. ಕೆಲವು ಚಾವಿಗಳ ಮೇಲೆ ಸಣ್ಣ ನಂಬರ್ ಇರುತ್ತದೆ. ಆ ನಂಬರ್ ಓದಿರಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದು ಮನೆಯಲ್ಲಿ ಇಡಿರಿ.