ಚಳಿಗಾಲದಲ್ಲಿ ಚರ್ಮದ ಆರೈಕೆ: ಒಡೆದ ಹಿಮ್ಮಡಿಯನ್ನು ಕಡೆಗಣಿಸಬೇಡಿ



ಮಾಗಿ ಚಳಿ ಶುರುವಾಯಿತೆಂದರೆ ನಮ್ಮ ಸಂಘಗಳ ಸಭೆಯಲ್ಲಿ ಒಂದು ಮಾತು ಕೇಳಿಬರುತ್ತದೆ: "ಮೈಯೆಲ್ಲ ಬಿರುಸಾಗಿದೆ, ಹಿಮ್ಮಡಿ ಬಿರಿದು ನಡೆಯೋಕೇ ಆಗ್ತಿಲ್ಲ." ರಾಗಿ ಕೊಯ್ಲು, ಕಣದ ಕೆಲಸ, ಮುಸುರೆ, ಬಟ್ಟೆ ಒಗೆಯುವುದು, ಇವುಗಳ ನಡುವೆ ನಮ್ಮ ಕಾಲಿನ ಕಡೆ ನಾವು ನೋಡುವುದೇ ಇಲ್ಲ. ಈ ತಿಂಗಳ ಆರೋಗ್ಯ ಪಾಠದಲ್ಲಿ ಇದನ್ನೇ ತಿಳಿದುಕೊಳ್ಳೋಣ.

ಚರ್ಮ ಒಣಗುವುದೇಕೆ?

ಚರ್ಮದ ಮೇಲಿರುವ ತೆಳುವಾದ ಎಣ್ಣೆಯ ಅಂಶ ಒಳಗಿನ ತೇವ ಆರಿಹೋಗದಂತೆ ಕಾಯುತ್ತದೆ. ಚಳಿಗಾಲದ ಗಾಳಿಯಲ್ಲಿ ತೇವ ಕಡಿಮೆ. ಜೊತೆಗೆ ಸುಡುನೀರಿನ ಸ್ನಾನ, ಹೆಚ್ಚು ಸೋಪು ಸೇರಿದರೆ ಇದ್ದ ಎಣ್ಣೆಯೂ ತೊಳೆದುಹೋಗುತ್ತದೆ. ಅಂಗಾಲಿನಲ್ಲಂತೂ ಎಣ್ಣೆಯ ಗ್ರಂಥಿಗಳೇ ಇಲ್ಲ. ಬರಿಗಾಲಲ್ಲಿ ನಡೆದು ದಪ್ಪವಾದ ಹಿಮ್ಮಡಿಯ ಚರ್ಮ ಒಣಗಿದಾಗ, ಮೈಭಾರ ಬಿದ್ದೊಡನೆ ಬಿರಿಯುತ್ತದೆ.

ಏನು ಮಾಡಬೇಕು?

1. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ. ಸೋಪು ಮಿತವಾಗಿರಲಿ.

2. ಮೈ ಒರೆಸಿ, ಇನ್ನೂ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ. ದುಬಾರಿ ಕ್ರೀಮ್ ಬೇಕಿಲ್ಲ.

3. ರಾತ್ರಿ ಕಾಲನ್ನು 10 ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ.

4. ಹೊಲಕ್ಕೆ, ಬಚ್ಚಲಿಗೆ ಚಪ್ಪಲಿ ಹಾಕಿಕೊಳ್ಳಿ.

ಬ್ಲೇಡಿನಿಂದ ಚರ್ಮ ಕೀಳಬೇಡಿ. ಒಡಕಿಗೆ ಸುಣ್ಣ, ಹೊಗೆಸೊಪ್ಪು ತುಂಬಬೇಡಿ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ನೋವಿಲ್ಲದ ಒಡಕಿಗೆ ಹೆದರಬೇಕು

ನಮ್ಮ ಸದಸ್ಯೆಯೊಬ್ಬರ ಹಿಮ್ಮಡಿಯ ರಕ್ತ ನೆಲಕ್ಕೆ ತಾಗಿದ್ದನ್ನು ಮೊದಲು ಕಂಡದ್ದು ಅವರ ಮೊಮ್ಮಗಳು. ಅವರಿಗೆ ನೋವೇ ಆಗಿರಲಿಲ್ಲ. ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಈ ಕಾಯಿಲೆಯಲ್ಲಿ ಪಾದದ ನರಗಳ ಅರಿವು ಕುಂದಬಹುದು. ಗಾಯ ಗೊತ್ತಾಗದೆ ಕೀವಾಗಿ, ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ದಿನಾ ಪಾದ ನೋಡಿಕೊಳ್ಳಬೇಕು. ಕಾಲು ನೆನೆಸುವುದು, ಕಲ್ಲಿನಿಂದ ಉಜ್ಜುವುದು ಅವರಿಗೆ ಬೇಡ. ಬೆರಳಸಂದಿಗೆ ಎಣ್ಣೆ ಹಚ್ಚದೆ ಒಣಗಿರುವಂತೆ ನೋಡಿಕೊಳ್ಳಲಿ. ಒಡಕು ಕಂಡ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ.

ಹಾಗೆಯೇ ಮೈಮೇಲೆ ಮುಟ್ಟಿದರೆ ಗೊತ್ತಾಗದ ಬಿಳಿಚಿದ ಅಥವಾ ಕೆಂಪು ಮಚ್ಚೆ ಇದ್ದರೆ, ಅದನ್ನು ಚಳಿಯ ಒಣಚರ್ಮ ಅಂತ ಬಿಡಬೇಡಿ. ಅದು ಕುಷ್ಠರೋಗದ ಲಕ್ಷಣವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಬೇಗ ಹೋದರೆ ಅಂಗವಿಕಲತೆ ಬರದಂತೆ ಗುಣವಾಗುತ್ತದೆ. ನಾಚಿಕೆ ಬೇಡ.

ಸಂಘದಲ್ಲಿ ಚರ್ಚಿಸೋಣ

* ನಮ್ಮಲ್ಲಿ ಎಷ್ಟು ಮಂದಿ ಸಕ್ಕರೆ ಪರೀಕ್ಷೆ ಮಾಡಿಸಿದ್ದೇವೆ? 30 ವರ್ಷ ದಾಟಿದವರೆಲ್ಲರೂ ಮಾಡಿಸಬೇಕು.
* ಮನೆಯಲ್ಲಿ ವಯಸ್ಸಾದವರ ಪಾದ ಕೊನೆಯ ಸಲ ನೋಡಿದ್ದು ಯಾವಾಗ?

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಐದು ನಿಮಿಷ ಒಬ್ಬರ ಪಾದ ಒಬ್ಬರು ನೋಡೋಣ. ಯೇಸುಸ್ವಾಮಿ ಶಿಷ್ಯರ ಪಾದಗಳನ್ನೇ ತೊಳೆದರು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.