ಮುತ್ತಜ್ಜಿಯ ತವರು ಹುಡುಕುವುದು ಹೇಗೆ?

ಮುತ್ತಜ್ಜಿಯ ವಂಶ ಹುಡುಕಹೊರಟವರು ಮೊದಲು ಪತ್ತೆ ಮಾಡಬೇಕಾದದ್ದು ಅವರ ತವರುಮನೆಯನ್ನು. ಗಂಡನ ಮನೆಯ ಕಾಗದಪತ್ರಗಳಲ್ಲಿ ಅವರು ಹೆಚ್ಚೆಂದರೆ ‘ಇಂಥವರ ಹೆಂಡತಿ’. ಅಪ್ಪ, ಅಮ್ಮ, ಒಡಹುಟ್ಟಿದವರ ಸುಳಿವು ಸಿಗುವುದು ಹುಟ್ಟಿದ ಊರಿನಲ್ಲೇ. ಈ ತೊಡಕು ಎಲ್ಲ ಕಡೆಯೂ ಇದೆ. ಅಮೆರಿಕದ ಜನಗಣತಿ ಕೂಡ 1850ಕ್ಕೆ ಮುಂಚೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದುಕೊಂಡು, ಉಳಿದವರನ್ನು ವಯಸ್ಸಿನ ಪ್ರಕಾರ ತಲೆ ಎಣಿಸಿ ಬಿಟ್ಟುಬಿಡುತ್ತಿತ್ತು.

ದುಬೈ, ಅಬುಧಾಬಿಯಲ್ಲಿರುವ ಕರಾವಳಿಯ ಕುಟುಂಬಗಳಿಗೆ ಈ ಕೆಲಸ ಶುರುವಾಗುವುದು ಮನೆಯ ಕಪಾಟಿನಿಂದ. ಮುಂಬಯಿಯಿಂದ ‘ದ್ವಾರಕಾ’ದಂಥ ಹಡಗುಗಳಲ್ಲಿ ಬಂದಿಳಿದ ಮೊದಲ ತಲೆಮಾರಿನವರ ಹಳೆಯ ಪಾಸ್‌ಪೋರ್ಟ್, ಲಗ್ನಪತ್ರಿಕೆ, ಜಾತಕ, ಫೋಟೊದ ಹಿಂಬದಿಯ ಬರಹ ಯಾವುದನ್ನೂ ಎಸೆಯಬಾರದು. ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಇರುತ್ತದೆ, ಲಗ್ನಪತ್ರಿಕೆಯಲ್ಲಿ ವಧುವಿನ ತಂದೆತಾಯಿ ಮತ್ತು ಮನೆತನ. ಕ್ಯಾಥೊಲಿಕರಿಗೆ ಇನ್ನೊಂದು ದಾರಿಯುಂಟು: ಅಬುಧಾಬಿಯ ಸಂತ ಜೋಸೆಫ್ ಚರ್ಚು 1965ರಲ್ಲಿ, ದುಬೈಯ ಸಂತ ಮೇರಿ ಚರ್ಚು 1967ರಲ್ಲಿ ಆರಂಭವಾದವು. ಮಕ್ಕಳ ಜ್ಞಾನಸ್ನಾನ ಅಲ್ಲಿ ನಡೆದಿದ್ದರೆ ಅದರ ದಾಖಲೆಯಲ್ಲಿ ತಾಯಿಯ ಹೆಸರು ಇರುತ್ತದೆ.

ಮುಂದಿನದು ಹಿರಿಯರನ್ನು ಮಾತಾಡಿಸುವುದು. ಭಾರತದ ಗಡಿಯಾರ ಯುಎಇಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ ರಾತ್ರಿ ಎಂಟೂವರೆಗೆ ಫೋನ್ ಮಾಡಿದರೆ ಊರಲ್ಲಿ ಹತ್ತು. ಅಷ್ಟು ಹೊತ್ತಿಗೆ ಅವರು ಮಲಗಿರುತ್ತಾರೆ. ವಾರದ ರಜೆಯ ಬೆಳಗಿನ ಹೊತ್ತು ವಾಸಿ. ‘ಮುತ್ತಜ್ಜಿಯ ಅಪ್ಪನ ಹೆಸರೇನು’ ಎಂದು ನೇರವಾಗಿ ಕೇಳಿದರೆ ನೆನಪಿಲ್ಲ ಎಂಬ ಉತ್ತರವೇ ಬರುವುದು ಹೆಚ್ಚು. ಚೊಚ್ಚಲ ಹೆರಿಗೆ ಎಲ್ಲಾಯಿತು, ಬಾಣಂತನ ಮಾಡಿದವರು ಯಾರು, ಸೋದರಮಾವ ಯಾರು ಎಂದು ಕೇಳಬೇಕು. ಚೊಚ್ಚಲು ತವರಿನಲ್ಲಿ ಆಗುವುದೇ ರೂಢಿಯಾದ್ದರಿಂದ ಹಿರಿಯ ಮಗು ಹುಟ್ಟಿದ ಊರು ಬಹುಪಾಲು ತವರೂರೇ. ಗೌಡ ಸಾರಸ್ವತರಂಥ ಸಮುದಾಯಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ಅಂಥವರ ಎರಡೂ ಹೆಸರು ಬರೆದುಕೊಳ್ಳಬೇಕು, ಇಲ್ಲವಾದರೆ ತವರಿನ ದಾಖಲೆ ಕಣ್ಣೆದುರೇ ಇದ್ದರೂ ಗುರುತು ಹತ್ತುವುದಿಲ್ಲ.

ಬಂಟರು, ಬಿಲ್ಲವರು, ಮೊಗವೀರರಂಥ ಅಳಿಯಸಂತಾನದ ಕುಟುಂಬಗಳಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ‘ಬಳಿ’ ಎಂಬ ಕುಲ ಹರಿದುಬರುವುದು ತಾಯಿಯಿಂದ, ಹಿಂದೆ ಆಸ್ತಿಯ ಹಕ್ಕೂ ಹಾಗೆಯೇ ಬರುತ್ತಿತ್ತು. ಆದ್ದರಿಂದ ಹಳೆಯ ಪತ್ರಗಳಲ್ಲಿ ಹೆಂಗಸರ ಹೆಸರು ಬಿಟ್ಟುಹೋಗುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಒಬ್ಬ ಹೆಂಗಸು ಮತ್ತು ಹೆಣ್ಣುಮಕ್ಕಳ ಮೂಲಕ ಬೆಳೆದ ಆಕೆಯ ಸಂತತಿಯನ್ನು ‘ಕವರು’ ಎಂದು ಗುರುತಿಸಿ, ಪಾಲು ಕೇಳುವ ಹಕ್ಕು ಕೊಟ್ಟಿತು. ಆ ಕಾಯ್ದೆಯಡಿ ಆದ ಪಾಲುಪಟ್ಟಿ ಅಥವಾ ಕೋರ್ಟಿನ ದಾವೆಯ ಕಡತ ಸಿಕ್ಕರೆ, ಜೊತೆಗೆ ಲಗತ್ತಿಸಿದ ಸಂತತಿ ನಕ್ಷೆಯಲ್ಲಿ ಮೂರು ನಾಲ್ಕು ತಲೆಮಾರಿನ ತಾಯಂದಿರು ಒಟ್ಟಿಗೆ ಸಿಗಬಹುದು. ಇಷ್ಟು ಫಲ ಕೊಡುವ ಕಾಗದ ಬೇರೊಂದಿಲ್ಲ.

ಇಂಥ ಪತ್ರಗಳ ನಕಲಿಗೆ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಬೇಕೆಂದು ಹಲವರು ತಿಳಿದಿದ್ದಾರೆ. ಅದರ ಅಗತ್ಯವಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿಯ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲಾದರೆ, ಅದನ್ನು ಬರೆದವರು ತೀರಿಕೊಂಡ ಮೇಲೆ ನಕಲು ಸಿಗುತ್ತದೆ. ಊರಿನಲ್ಲಿರುವ ನಂಬಿಕೆಯ ಒಬ್ಬರು ಗ್ರಾಮದ ಹೆಸರು, ಸರ್ವೆ ನಂಬರು, ಅಂದಾಜು ವರ್ಷ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಸಾಕು. ಜನನ ಮರಣದ ರಿಜಿಸ್ಟರಿನಲ್ಲಿ ಮಗುವಿನ ಹೆಸರಿಲ್ಲದೆ ‘ಹೆಣ್ಣು’ ಎಂದಷ್ಟೇ ಇರುವುದುಂಟು. ಅಂಥಲ್ಲಿ ತಂದೆಯ ಹೆಸರು ಮತ್ತು ಗ್ರಾಮದ ಮೂಲಕ ಹುಡುಕಬೇಕು. 1974ರ ಭೂಸುಧಾರಣೆಯ ನಂತರ ಜಮೀನಿನ ಹಕ್ಕು ಕೇಳಿ ಡಿಕ್ಲರೇಶನ್ ಹಾಕಿದ ಒಕ್ಕಲು ಕುಟುಂಬಗಳ ಕಡತ ತಾಲ್ಲೂಕು ಕಚೇರಿಯಲ್ಲಿ ಇರಬಹುದು. ನಾಡಕಚೇರಿಯ ವಂಶವೃಕ್ಷವನ್ನು ಮಾತ್ರ ಪೂರ್ತಿ ನಂಬಬಾರದು: ಅದು ಈಗಿನವರು ಕೊಟ್ಟ ಹೇಳಿಕೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅದರಿಂದ ಜಾರಿಹೋಗಿರುತ್ತಾರೆ.

ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಕಾಸರಗೋಡು ಅದರ ತಾಲ್ಲೂಕಾಗಿತ್ತು. ಹಾಗಾಗಿ ಮೇಲ್ಮಟ್ಟದ ಸರಕಾರಿ ಕಡತಗಳನ್ನು ಚೆನ್ನೈನ ಪತ್ರಾಗಾರದಲ್ಲಿ ಹುಡುಕಬೇಕಾಗುತ್ತದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದವರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವನ್ನು ನೋಡಬೇಕು. ಕ್ಯಾಥೊಲಿಕ್ ಇಗರ್ಜಿಗಳಲ್ಲಿ, 1784ರಲ್ಲಿ ಕ್ಯಾಥೊಲಿಕರನ್ನು ಸೆರೆಹಿಡಿದು ಚರ್ಚುಗಳನ್ನು ನಾಶಮಾಡಿದ ಕಾರಣ, ಅದಕ್ಕೂ ಹಿಂದಿನ ಪುಸ್ತಕ ಸಿಗುವ ಆಸೆ ಕಡಿಮೆ. ಮುಸ್ಲಿಂ ಕುಟುಂಬಗಳು ವಧುವಿನ ಕಡೆಯ ಜಮಾತಿನ ನಿಕಾಹ್ ಪುಸ್ತಕ ಕೇಳಬೇಕು, ಹೆಸರಿರುವುದು ಅಲ್ಲಿ.

ಊರಿಗೆ ಹೋಗುವುದಾದರೆ ನಾಗರಪಂಚಮಿಯ ಹೊತ್ತು ಒಳ್ಳೆಯದು. ಯುಎಇ ಶಾಲೆಗಳ ಬೇಸಿಗೆ ರಜೆಯೂ ಆಗಲೇ ಬರುತ್ತದೆ, ನಾಗನಿಗೆ ತನು ಹಾಕಲು ದೂರದ ಕವಲುಗಳವರೂ ಮೂಲ ನಾಗಬನಕ್ಕೆ ಬಂದಿರುತ್ತಾರೆ. ಆದರೆ ಹಳೆಯ ಪತ್ರ ಕೇಳಿದೊಡನೆ ಪಾಲು ಕೇಳಲು ಬಂದರೆಂಬ ಗುಮಾನಿ ಏಳುತ್ತದೆ, 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದ ಮೇಲಂತೂ ಇನ್ನಷ್ಟು. ಉದ್ದೇಶವನ್ನು ಮೊದಲೇ ಹೇಳಿ, ಪತ್ರವನ್ನು ಅವರ ಮನೆಯಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು ಹಿಂದಿರುಗಿಸಬೇಕು.

ಸಿಕ್ಕ ಪ್ರತಿ ಹೆಸರಿನ ಎದುರು ಅದು ಯಾವ ಪತ್ರದ್ದು, ಯಾರ ಮಾತು ಎಂದು ಬರೆದಿಡಬೇಕು. ಎರಡು ದಾಖಲೆಗಳಲ್ಲಿರುವುದು ಒಬ್ಬರೇ ಎನ್ನಲು ಊರು, ಗಂಡ, ಸಹೋದರ ಈ ಮೂರೂ ತಾಳೆಯಾಗಬೇಕು. ವಯಸ್ಸು ಲೆಕ್ಕಕ್ಕಿಲ್ಲ, ಹಳೆಯ ಕಾಗದಗಳಲ್ಲಿ ಅದು ಬಹುಪಾಲು ಅಂದಾಜು. ತಾಳೆಯಾಗದಿದ್ದರೆ ವೃಕ್ಷದಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಬಿಡಬೇಕು.