ರೂಪ ಬದಲಾಗುವುದೂ ವಸ್ತುವೇ ಬದಲಾಗುವುದೂ
ಗ್ರಾಮದ ಪಾಠಶಾಲೆಯಲ್ಲಿ ಮಾಡಿ ತೋರಿಸತಕ್ಕ ಆರು ಪರೀಕ್ಷೆಗಳು

(ಕೃಷಿ ಇನ್‌ಸ್ಪೆಕ್ಟರೊಬ್ಬರು ಬರೆದುದು)

ವ್ಯವಸಾಯಗಾರನ ಕಣ್ಣೆದುರಿಗೆ ವಸ್ತುಗಳು ಪ್ರತಿದಿನವೂ ಬದಲಾಗುತ್ತಲೇ ಇರುತ್ತವೆ. ಹಾಲು ಮೊಸರಾಗುತ್ತದೆ, ನೇಗಿಲಿನ ಗುಳವು ತುಕ್ಕು ಹಿಡಿಯುತ್ತದೆ, ಹೆಂಟೆಯು ಒಡೆದು ಪುಡಿಯಾಗುತ್ತದೆ, ತಿಪ್ಪೆಗೆ ಹಾಕಿದ ಕಸಕಡ್ಡಿಯು ಕೊಳೆತು ಗೊಬ್ಬರವಾಗುತ್ತದೆ, ಅಂಗಡಿಯಿಂದ ತಂದ ಗೊಬ್ಬರವು ನೀರಿನಲ್ಲಿ ಕರಗುತ್ತದೆ. ಇವೆಲ್ಲವೂ ಒಂದೇ ಬಗೆಯ ಬದಲಾವಣೆಗಳೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ವಿಚಾರಮಾಡಿ ನೋಡಿದರೆ ಇವುಗಳಲ್ಲಿ ಎರಡು ಬಗೆಗಳುಂಟು. ವಸ್ತುವು ಅದೇ ಆಗಿದ್ದು ಅದರ ಆಕಾರವೋ ಸ್ಥಿತಿಯೋ ಮಾತ್ರ ಬೇರೆಯಾದರೆ ಅದು ಭೌತ ಪರಿವರ್ತನೆ. ಮೊದಲಿನ ವಸ್ತುವು ಹೋಗಿ ಬೇರೆ ಗುಣಗಳುಳ್ಳ ಹೊಸ ವಸ್ತುವು ಉಂಟಾದರೆ ಅದು ರಾಸಾಯನಿಕ ಪರಿವರ್ತನೆ.

ಇದು ಶಾಲೆಯ ಹುಡುಗರು ಬಾಯಿಪಾಠ ಮಾಡತಕ್ಕ ವಿಷಯವಷ್ಟೇ ಎಂದು ಭೂಮಾಲೀಕರು ತಿಳಿಯಬಾರದು. ಈ ಭೇದವನ್ನು ಅರಿಯದವನು ಹಣಕೊಟ್ಟು ತಂದ ಗೊಬ್ಬರದ ಸಾರವನ್ನು ತನ್ನ ಕೈಯಿಂದಲೇ ಗಾಳಿಗೆ ತೂರುವ ಸಂಭವವುಂಟು. ಆದಕಾರಣ ಗ್ರಾಮದ ಮುಖಂಡರು ಉಪಾಧ್ಯಾಯರೊಡನೆ ಮಾತನಾಡಿ, ಒಂದು ದಿವಸ ಶಾಲೆಯಲ್ಲಿ ಈ ಕೆಳಗಿನ ಪರೀಕ್ಷೆಗಳನ್ನು ಮಕ್ಕಳ ಮುಂದೆಯೂ ರೈತರ ಮುಂದೆಯೂ ಮಾಡಿಸತಕ್ಕದ್ದು. ಬೇಕಾದ ಸಾಮಾನುಗಳೆಲ್ಲವೂ ಊರಿನಲ್ಲಿಯೇ ದೊರೆಯತಕ್ಕವು.

ಮೊದಲು ಅರಿಸಿನದ ಕಾಗದವನ್ನು ಸಿದ್ಧಪಡಿಸಿಕೊಳ್ಳಬೇಕು. ಅರಿಸಿನದ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಬಿಳಿಯ ಕಾಗದವನ್ನು ಅದರಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಡಬೇಕು. ಇದರ ಉಪಯೋಗವು ಮುಂದೆ ತಿಳಿಯುವುದು.

ಒಂದನೆಯ ಪರೀಕ್ಷೆ: ಉಪ್ಪು

10 ಗ್ರಾಂ ಉಪ್ಪನ್ನು ಒಂದು ಲೋಟ ನೀರಿನಲ್ಲಿ ಕರಗಿಸಬೇಕು. ಉಪ್ಪು ಕಣ್ಣಿಗೆ ಕಾಣದೆ ಹೋಗುತ್ತದೆ. ಆದರೆ ನೀರನ್ನು ನಾಲಿಗೆಗೆ ಮುಟ್ಟಿಸಿದರೆ ಅದು ಅಲ್ಲಿಯೇ ಇರುವುದು ಗೊತ್ತಾಗುತ್ತದೆ. ಆ ನೀರನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಪೂರಾ ಇಂಗಿಸಿದರೆ ಬಿಳಿಯ ಉಪ್ಪು ತಳದಲ್ಲಿ ಉಳಿಯುತ್ತದೆ. ಅದನ್ನು ಕೆರೆದು ತೂಗಿದರೆ ಹೆಚ್ಚುಕಡಮೆ ಮೊದಲಿನ ತೂಕವೇ ಬರುತ್ತದೆ. ಇಲ್ಲಿ ಹೊಸ ವಸ್ತುವೇನೂ ಹುಟ್ಟಲಿಲ್ಲ. ಇದು ಭೌತ ಪರಿವರ್ತನೆ. ಬೆಲ್ಲದ ಅಚ್ಚನ್ನು ಕುಟ್ಟುವುದೂ, ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಿಸುವುದೂ ಇದೇ ವರ್ಗಕ್ಕೆ ಸೇರಿದವು.

ಎರಡನೆಯ ಪರೀಕ್ಷೆ: ಸಕ್ಕರೆ

ಕಬ್ಬಿಣದ ಸೌಟಿನಲ್ಲಿ ಒಂದು ಚಮಚ ಸಕ್ಕರೆಯನ್ನಿಟ್ಟು ಬೆಂಕಿಯ ಮೇಲೆ ಹಿಡಿಯಬೇಕು. ಮೊದಲು ಕರಗಿ, ಆ ಬಳಿಕ ಕಂದುಬಣ್ಣಕ್ಕೆ ತಿರುಗಿ, ಹೊಗೆಯನ್ನೂ ಹಬೆಯನ್ನೂ ಬಿಟ್ಟು, ಕೊನೆಗೆ ಕರಿಯ ಇದ್ದಲಾಗಿ ನಿಲ್ಲುತ್ತದೆ. ಈ ಇದ್ದಲಿಗೆ ಸಿಹಿಯಿಲ್ಲ. ಇದು ನೀರಿನಲ್ಲಿ ಕರಗುವುದೂ ಇಲ್ಲ. ತಣ್ಣಗಾದ ಮೇಲೆ ಸಕ್ಕರೆಯಾಗಿ ಹಿಂದಿರುಗುವುದೂ ಇಲ್ಲ. ಸಕ್ಕರೆಯು ಹೋಗಿ ಬೇರೆ ವಸ್ತುಗಳು ಉಂಟಾದವು. ಇದು ರಾಸಾಯನಿಕ ಪರಿವರ್ತನೆ.

ಮೂರನೆಯ ಪರೀಕ್ಷೆ: ಸುಣ್ಣ

ಸುಟ್ಟ ಸುಣ್ಣದ ಒಂದು ಸಣ್ಣ ಹರಳನ್ನು ಮಣ್ಣಿನ ಬೋಗುಣಿಯಲ್ಲಿಟ್ಟು ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸಬೇಕು. ಹರಳು ಉಬ್ಬಿ, ಬಿರಿದು, ಹಬೆ ಬಿಟ್ಟು, ಬಿಳಿಯ ಹಿಟ್ಟಾಗಿ ಅರಳುತ್ತದೆ. ಪಾತ್ರೆಯು ಮುಟ್ಟಲಾರದಷ್ಟು ಕಾಯುತ್ತದೆ. ಉಪಾಧ್ಯಾಯರೇ ಇದನ್ನು ಮಾಡತಕ್ಕದ್ದು. ಸುಣ್ಣವು ಕಣ್ಣಿಗೆ ಸಿಡಿದರೆ ಅಪಾಯವಾದುದರಿಂದ ಮಕ್ಕಳನ್ನು ದೂರದಲ್ಲಿ ನಿಲ್ಲಿಸಬೇಕು.

ಅರಳಿದ ಸುಣ್ಣವನ್ನು ಹೆಚ್ಚು ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಸಿದುಕೊಳ್ಳಬೇಕು. ಒಂದು ಕೊಳವೆಯ ಮೂಲಕ ಅದರೊಳಗೆ ಮೆಲ್ಲಗೆ ಉಸಿರನ್ನು ಊದಿದರೆ ತಿಳಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿರುವ ಇಂಗಾಲಾಮ್ಲ ವಾಯುವು ಸುಣ್ಣದೊಡನೆ ಕೂಡಿ, ಗೂಡಿನಲ್ಲಿ ಸುಡುವುದಕ್ಕೆ ಮುಂಚೆ ಇದ್ದ ಸುಣ್ಣಕಲ್ಲಿನ ವಸ್ತುವೇ ಮತ್ತೆ ಹುಟ್ಟುವುದು ಇದಕ್ಕೆ ಕಾರಣ. ಕೊಳವೆಯಿಂದ ತಿಳಿಯನ್ನು ಬಾಯಿಗೆ ಎಳೆದುಕೊಳ್ಳದಂತೆ ನೋಡಿಕೊಳ್ಳಬೇಕು.

ಇದರ ಲೆಕ್ಕವನ್ನು ಸುಣ್ಣ ಕೊಳ್ಳುವವರು ಮನಸ್ಸಿನಲ್ಲಿಡಬೇಕು. ಶುದ್ಧವಾದ 100 ಕಿಲೋ ಸುಣ್ಣಕಲ್ಲನ್ನು ಪೂರ್ತಿಯಾಗಿ ಸುಟ್ಟರೆ 44 ಕಿಲೋ ಇಂಗಾಲಾಮ್ಲ ವಾಯು ಹೊರಟುಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದು 18 ಕಿಲೋ ನೀರನ್ನು ಹೀರಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಕಲ್ಲನ್ನು ಸುಡದೆ ಬರಿದೆ ಪುಡಿಮಾಡಿದರೆ ಅದು ಭೌತ ಪರಿವರ್ತನೆಯಾದ್ದರಿಂದ ತೂಕವು 100 ಕಿಲೋ ಆಗಿಯೇ ಉಳಿಯುತ್ತದೆ. ಹೀಗಿರುವಲ್ಲಿ ಹುಳಿಮಣ್ಣಿನ ಹುಳಿಯನ್ನು ಕಳೆಯುವುದಕ್ಕೆ 56 ಕಿಲೋ ಸುಟ್ಟ ಸುಣ್ಣವೂ, 74 ಕಿಲೋ ಅರಳಿದ ಸುಣ್ಣವೂ, 100 ಕಿಲೋ ಕಲ್ಲಿನ ಪುಡಿಯೂ ಸಮವೆಂದು ತಿಳಿದು ಕ್ರಯವನ್ನು ಹೋಲಿಸಿ ನೋಡತಕ್ಕದ್ದು.

ನಾಲ್ಕನೆಯ ಪರೀಕ್ಷೆ: ಅರಿಸಿನ

ಅರಿಸಿನದ ನೀರಿಗೆ ಚಿಟಿಕೆ ಸುಣ್ಣವನ್ನು ಬೆರೆಸಿದರೆ ಆರತಿಯ ತಟ್ಟೆಯ ಕೆಂಪು ನೀರಾಗುವುದನ್ನು ಎಲ್ಲರೂ ಬಲ್ಲರು. ಅದೇ ಕೆಂಪು ನೀರಿಗೆ ನಿಂಬೆಯ ರಸವನ್ನು ಹಿಂಡಿದರೆ ಪುನಃ ಹಳದಿಯಾಗುತ್ತದೆ. ಕೆಂಪಾದುದೂ ರಾಸಾಯನಿಕ ಪರಿವರ್ತನೆಯೇ. ಹಳದಿಗೆ ತಿರುಗಿದುದೂ ರಾಸಾಯನಿಕ ಪರಿವರ್ತನೆಯೇ. ಹಿಂದಿರುಗಿ ಬಂದುದೆಲ್ಲ ಭೌತ, ಬಾರದುದೆಲ್ಲ ರಾಸಾಯನಿಕ ಎಂದು ಕೆಲವರು ಹೇಳುವ ಸೂತ್ರವು ಪೂರ್ಣವಾಗಿ ಸರಿಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಬಣ್ಣ, ವಾಸನೆ, ಶಾಖ, ಗುಳ್ಳೆ, ಗಸಿ ಇವು ಸೂಚನೆಗಳು ಮಾತ್ರ. ಹೊಸ ವಸ್ತುವು ಹುಟ್ಟಿತೇ ಇಲ್ಲವೇ ಎಂಬುದೊಂದೇ ನಿಜವಾದ ಪ್ರಶ್ನೆ.

ಐದನೆಯ ಪರೀಕ್ಷೆ: ಸುಣ್ಣವೂ ಅಮೋನಿಯಂ ಸಲ್ಫೇಟೂ

ಭೂಮಾಲೀಕರು ವಿಶೇಷವಾಗಿ ಗಮನಿಸತಕ್ಕ ಪರೀಕ್ಷೆಯಿದು. ಎರಡು ಲೋಟಗಳಲ್ಲಿ ಒಂದೊಂದು ಚಮಚ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನು ಹಾಕಬೇಕು. ಒಂದಕ್ಕೆ ಒಂದು ಚಮಚ ಮರಳನ್ನೂ, ಇನ್ನೊಂದಕ್ಕೆ ಒಂದು ಚಮಚ ಅರಳಿದ ಸುಣ್ಣವನ್ನೂ ಸೇರಿಸಿ, ಎರಡಕ್ಕೂ ಸ್ವಲ್ಪ ನೀರು ಹಾಕಿ ಕಲಸಬೇಕು. ಅರಿಸಿನದ ಕಾಗದವನ್ನು ಒದ್ದೆಮಾಡಿ ಲೋಟಗಳ ಬಾಯಿಯ ಮೇಲೆ, ಒಳಗಿನ ಮಿಶ್ರಣಕ್ಕೆ ತಗಲದಂತೆ ಹಿಡಿಯಬೇಕು. ಮರಳಿನ ಲೋಟದ ಮೇಲೆ ಕಾಗದವು ಹಳದಿಯಾಗಿಯೇ ಇರುತ್ತದೆ. ಸುಣ್ಣದ ಲೋಟದಿಂದ ಮೂಗಿಗೆ ಹೊಡೆಯುವ ಘಾಟು ಎದ್ದು ಕಾಗದವು ಕೆಂಪಾಗುತ್ತದೆ.

ಆ ಘಾಟೇ ಅಮೋನಿಯ ವಾಯು. ಪೈರಿಗೆ ಬೇಕಾದ ಸಾರಜನಕವು ಆ ವಾಯುವಿನಲ್ಲಿಯೇ ಇರುತ್ತದೆ. 50 ಕಿಲೋ ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕವು ಸುಮಾರು 10 ಕಿಲೋ ಮಾತ್ರ. ರೈತನು ಹಣ ಕೊಡುವುದು ಮುಖ್ಯವಾಗಿ ಅದಕ್ಕಾಗಿಯೇ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹುಳಿಮಣ್ಣಿಗೆ ಸುಣ್ಣ ಹಾಕುವುದು ಯುಕ್ತವೇ. ಆದರೆ ಕೂಲಿ ಉಳಿಯುತ್ತದೆಂದು ಸುಣ್ಣವನ್ನೂ ಈ ಗೊಬ್ಬರವನ್ನೂ ಒಟ್ಟಿಗೆ ಬೆರೆಸಿ ಎರಚಿದರೆ ಉಳಿದ ಕೂಲಿಗಿಂತ ಹೋದ ಗೊಬ್ಬರವೇ ಹೆಚ್ಚಾದೀತು. ಮೊದಲು ಸುಣ್ಣವನ್ನು ಮಣ್ಣಿನಲ್ಲಿ ಸೇರಿಸಿ, ಎರಡು ಮೂರು ವಾರ ಕಳೆದ ಮೇಲೆ ಗೊಬ್ಬರವನ್ನು ಕೊಡತಕ್ಕದ್ದು. ಸೂಪರ್ ಫಾಸ್ಫೇಟನ್ನು ಸಹ ಸುಣ್ಣದೊಡನೆ ಬೆರೆಸಬಾರದು. ನೀರಿನಲ್ಲಿ ಕರಗುವ ಅದರ ರಂಜಕವು ಕರಗದ ರೂಪಕ್ಕೆ ತಿರುಗಿ ಪೈರಿಗೆ ಸುಲಭವಾಗಿ ದೊರೆಯದಂತಾಗುತ್ತದೆ.

ಆರನೆಯ ಪರೀಕ್ಷೆ: ಯೂರಿಯ

ಎರಡು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದು ಚಮಚ ಯೂರಿಯವನ್ನು ಕರಗಿಸಬೇಕು. ಇಷ್ಟರಲ್ಲಿ ಆಗುವುದು ಭೌತ ಪರಿವರ್ತನೆ; ವಾಸನೆಯೇನೂ ಬರುವುದಿಲ್ಲ. ಈಗ ಒಂದು ಲೋಟಕ್ಕೆ ಮಾತ್ರ ಹಸಿಯ ಸೋಯಾ ಅವರೆಯ ಹಿಟ್ಟನ್ನು ಎರಡು ಚಮಚ ಬೆರೆಸಿ, ಎರಡನ್ನೂ ಮುಚ್ಚಿಡಬೇಕು. ಕಾಳನ್ನು ಹುರಿದಿರಬಾರದು. ಅರ್ಧ ಗಂಟೆಯಿಂದ ಒಂದು ಗಂಟೆಯ ಬಳಿಕ ಮುಚ್ಚಳವನ್ನು ತೆಗೆದು ನೋಡಿದರೆ, ಹಿಟ್ಟು ಬೆರೆಸಿದ ಲೋಟದಲ್ಲಿ ಅದೇ ಅಮೋನಿಯದ ಘಾಟು. ಒದ್ದೆ ಕಾಗದವು ಕೆಂಪಾಗುತ್ತದೆ. ಇನ್ನೊಂದರಲ್ಲಿ ಏನೂ ಇಲ್ಲ.

ಸೋಯಾ ಕಾಳಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಯೂರಿಯವನ್ನು ಒಡೆಯುತ್ತದೆ. ಈ ಕಿಣ್ವವು ಮಣ್ಣಿನ ಸೂಕ್ಷ್ಮ ಜೀವಿಗಳಿಂದಲೂ ಉಂಟಾಗುವುದರಿಂದ ಗದ್ದೆಹೊಲಗಳಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಇದು ಮಣ್ಣಿನೊಳಗೆ ನಡೆದರೆ ಅಮೋನಿಯವನ್ನು ಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ, ಪೈರಿಗೆ ಲಾಭ. ಮಣ್ಣಿನ ಮೇಲೆಯೇ ನಡೆದರೆ ಅದು ಗಾಳಿಗೆ ಹಾರುತ್ತದೆ. ಬಿಸಿಲು ಗಾಳಿ ಹೆಚ್ಚಾದಷ್ಟೂ, ಮಣ್ಣು ಕ್ಷಾರವಾದಷ್ಟೂ ನಷ್ಟವು ಹೆಚ್ಚು. 45 ಕಿಲೋ ತೂಕದ ಯೂರಿಯ ಚೀಲದಲ್ಲಿ ಸಾರಜನಕವು 20 ಕಿಲೋವಿಗೂ ಸ್ವಲ್ಪ ಮೇಲುಂಟು. ಆದಕಾರಣ ಯೂರಿಯವನ್ನು ಎರಚಿ ಹಾಗೆಯೇ ಬಿಡದೆ, ಕುಂಟೆ ಹೊಡೆದು ಮಣ್ಣಿನಲ್ಲಿ ಮುಚ್ಚಬೇಕು, ಅಥವಾ ಹದವಾಗಿ ನೀರು ಹಾಯಿಸಿ ಕೆಳಗಿಳಿಸಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಹಾಕದೆ ಕಂತುಗಳಲ್ಲಿ ಕೊಡುವುದು ಮೇಲು.

ಅಡಿಕೆ ತೋಟದವರಿಗೆ ಒಂದು ಮಾತು

ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವೂ ರಾಸಾಯನಿಕ ಪರಿವರ್ತನೆಯಿಂದಲೇ ಆಗತಕ್ಕದ್ದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು, ಇದು ಶೇಕಡ ಒಂದರ ಪ್ರಮಾಣ. ತುತ್ತದ ನೀರು ಸುಣ್ಣದೊಡನೆ ಪೂರ್ತಿಯಾಗಿ ಕೂಡಿತೇ ಎಂದು ತಿಳಿಯಲು ಉಜ್ಜಿ ಶುಚಿಮಾಡಿದ ಕಬ್ಬಿಣದ ಚಾಕುವನ್ನು ಕೆಲವು ನಿಮಿಷ ಅದರಲ್ಲಿ ಅದ್ದಿಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಕೂಡದ ತುತ್ತವು ಇನ್ನೂ ಉಳಿದಿದೆ. ಅದು ಎಳೆಯ ಕಾಯಿಗಳನ್ನು ಸುಡುತ್ತದೆ. ಕೆಂಪು ಕೂರದಂತಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು.

ನೆನಪಿಡತಕ್ಕ ಅಂಶಗಳು

1. ಕುಟ್ಟುವುದು, ಕರಗಿಸುವುದು, ಆರಿಸುವುದು ಸಾಮಾನ್ಯವಾಗಿ ಭೌತ ಪರಿವರ್ತನೆಗಳು. ಸುಡುವುದು, ತುಕ್ಕು ಹಿಡಿಯುವುದು, ಕೊಳೆಯುವುದು, ಹುಳಿಯುವುದು ರಾಸಾಯನಿಕ ಪರಿವರ್ತನೆಗಳು.

2. ಎರಡು ಗೊಬ್ಬರಗಳನ್ನು ಬೆರೆಸುವ ಮುನ್ನ ಚಮಚದಷ್ಟನ್ನು ಲೋಟದಲ್ಲಿ ಬೆರೆಸಿ, ನೀರು ಚಿಮುಕಿಸಿ, ಅರಿಸಿನದ ಕಾಗದವನ್ನು ಮೇಲೆ ಹಿಡಿದು ನೋಡಬೇಕು. ಕಾಗದವು ಕೆಂಪಾದರೆ ಬೆರೆಸಕೂಡದು. ಕೆಂಪಾಗದಿದ್ದರೂ ಸುಣ್ಣವನ್ನು ಸೂಪರ್ ಫಾಸ್ಫೇಟಿನೊಡನೆ ಸೇರಿಸಕೂಡದು. ಆ ನಷ್ಟವು ಮೂಗಿಗೂ ಕಾಗದಕ್ಕೂ ತಿಳಿಯುವುದಿಲ್ಲ.

3. ಗೊಬ್ಬರದ ಘಾಟು ಮೂಗಿಗೆ ಬಂದರೆ ಅದು ಗೊಬ್ಬರದ ಬಲವಲ್ಲ. ಹೊರಟುಹೋಗುತ್ತಿರುವ ಹಣವೆಂದು ತಿಳಿಯಬೇಕು.

ಒಂದು ಲೋಟ, ಒಂದು ಚಮಚ, ನಾಲ್ಕು ಪಟ್ಟಿ ಹಳದಿ ಕಾಗದ ಇಷ್ಟರಿಂದ ಆಗುವ ಈ ಪಾಠವನ್ನು ಮುಂಗಾರಿನ ಗೊಬ್ಬರವನ್ನು ಕೊಳ್ಳುವುದಕ್ಕೆ ಮುಂಚಿತವಾಗಿಯೇ ತಮ್ಮ ತಮ್ಮ ಗ್ರಾಮಗಳಲ್ಲಿ ಮಾಡಿಸಬೇಕೆಂದು ಮುಖಂಡರನ್ನೂ ಭೂಮಾಲೀಕರನ್ನೂ ಪ್ರಾರ್ಥಿಸುತ್ತೇನೆ.